ಫೋರ್ಡ್ 300 ಸಿಕ್ಸ್‌ನ ಮಾಸ್ಟರ್ ಕಿಟ್: ಬೇರಿಂಗ್‌ಗೆ ಪೂರ್ಣ ಅಂಕ, ಟೈಮಿಂಗ್ ಗೇರ್‌ಗೆ ಸೊನ್ನೆ

ಹಳೆಯ ಎಫ್‌-100, ಎಫ್‌-250 ಪಿಕಪ್‌ಗಳ ಬಾನೆಟ್ ಎತ್ತಿದರೆ ಹಲವು ಸಲ ಕಾಣುವುದು ಫೋರ್ಡ್‌ನ 300 ಇನ್‌ಲೈನ್ ಸಿಕ್ಸ್, ಅಂದರೆ ಆರು ಸಿಲಿಂಡರ್ ಒಂದೇ ಸಾಲಿನಲ್ಲಿರುವ 300 ಘನ ಇಂಚಿನ ಇಂಜಿನ್. 1965ರಲ್ಲಿ ಬಂದ ಈ ಇಂಜಿನ್ 1996ರವರೆಗೂ ಪಿಕಪ್‌ಗಳಿಗೆ ಹೆಗಲು ಕೊಟ್ಟಿತು. ಬೋರ್ (ಸಿಲಿಂಡರಿನ ವ್ಯಾಸ) 4.00 ಇಂಚು, ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 3.98 ಇಂಚು, ಆರು ಸಿಲಿಂಡರಿಗೆ ಏಳು ಮೇನ್ ಬೇರಿಂಗ್. ವಾಲ್ವ್ ತೆರೆಸುವ ಕ್ಯಾಮ್ ತಿರುಗಿಸಲು ಚೈನ್ ಇಲ್ಲ, ನೇರ ಗೇರ್. ಸರಿಯಾಗಿ ಕಟ್ಟಿದರೆ ಇನ್ನೊಂದು ಆಯುಷ್ಯ ಓಡುವ ಇಂಜಿನ್ ಇದು.

ಈ ಇಂಜಿನ್ ಬಿಚ್ಚಿ ಕಟ್ಟುವವರಿಗೆಂದೇ ಮಾಸ್ಟರ್ ರೀಬಿಲ್ಡ್ ಕಿಟ್ ಮಾರುತ್ತಾರೆ. ಪಿಸ್ಟನ್, ರಿಂಗ್, ಮೇನ್ ಮತ್ತು ರಾಡ್ ಬೇರಿಂಗ್, ಕ್ಯಾಮ್ ಬೇರಿಂಗ್, ಕ್ಯಾಮ್‌ಶಾಫ್ಟ್, ಲಿಫ್ಟರ್, ಟೈಮಿಂಗ್ ಗೇರ್, ಆಯಿಲ್ ಪಂಪ್, ಬ್ಲಾಕಿನ ನೀರಿನ ಪ್ಲಗ್, ಪೂರ್ತಿ ಗ್ಯಾಸ್ಕೆಟ್ ಸೆಟ್, ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಕೊಳ್ಳಬಹುದೇ ಎಂದರೆ, ಕೊಳ್ಳಬಹುದು. ಆದರೆ ಬ್ಲಾಕ್ ಮತ್ತು ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ಅಳೆದ ಮೇಲೆ ಮಾತ್ರ. ಅದರೊಳಗಿನ ಒಂದು ಭಾಗವನ್ನಂತೂ ಇಂಜಿನ್‌ಗೆ ಹಾಕಲೇಬೇಡಿ.

ಮೊದಲು ಅಳತೆಯ ವಿಷಯ. ಇಂಜಿನ್ ಇನ್ನೂ ಗಾಡಿಯಲ್ಲಿರುವಾಗಲೇ ಉತ್ಸಾಹದಲ್ಲಿ ಕಿಟ್ ತರಿಸಿಬಿಡುವುದು ಎಲ್ಲರೂ ಮಾಡುವ ತಪ್ಪು. ಪಿಸ್ಟನ್ 0.020, 0.030, 0.040, 0.060 ಇಂಚು ಓವರ್‌ಸೈಜ್‌ನಲ್ಲಿ ಬರುತ್ತವೆ. ಬೇರಿಂಗ್ ಸ್ಟ್ಯಾಂಡರ್ಡ್, 0.010, 0.020 ಅಂಡರ್‌ಸೈಜ್‌ನಲ್ಲಿ. ಯಾವುದು ಬೇಕೆಂದು ಹೇಳಬೇಕಾದ್ದು ಮೈಕ್ರೋಮೀಟರ್ ಮತ್ತು ಬೋರ್ ಗೇಜ್. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಉದ್ದಕ್ಕೂ ಅಡ್ಡಕ್ಕೂ ಅಳೆಯಿರಿ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ನಿಂತು ಮರಳುವ ಜಾಗದಲ್ಲಿ. ಅಲ್ಲಿ ಉಗುರು ಎಳೆದರೆ ಅಂಚು ತಗಲುತ್ತದೆ. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ 0.010 ಇಂಚು ಮೀರಿದ್ದರೆ ಬರೀ ರಿಂಗ್ ಬದಲಿಸಿ ಕೈತೊಳೆದುಕೊಳ್ಳುವಂತಿಲ್ಲ, ಬೋರ್ ಮಾಡಿಸಲೇಬೇಕು. ಒಂದಕ್ಕೆ ಮಾಡಿಸಿದರೆ ಆರಕ್ಕೂ ಮಾಡಿಸಬೇಕು. ಕ್ರ್ಯಾಂಕ್‌ನ ಮೇನ್ ಜರ್ನಲ್ (ಬೇರಿಂಗ್‌ನೊಳಗೆ ತಿರುಗುವ ನುಣುಪು ಭಾಗ) ಹೊಸದಿದ್ದಾಗ 2.3982ರಿಂದ 2.3990 ಇಂಚು, ರಾಡ್ ಜರ್ನಲ್ 2.1228ರಿಂದ 2.1236 ಇಂಚು. ಇದಕ್ಕಿಂತ ಕಡಿಮೆ ಬಂದರೆ, ಅಥವಾ ಗೀರು ಬಿದ್ದಿದ್ದರೆ, ಗ್ರೈಂಡ್ ಮಾಡಿಸಿ ಆಮೇಲೆ ಬೇರಿಂಗ್ ಅಳತೆ ಹೇಳಿ.

ಕಿಟ್‌ನಲ್ಲಿ ನಮಗೆ ಅತ್ಯಂತ ಹಿಡಿಸಿದ್ದು ಬೇರಿಂಗ್‌ಗಳು. ಇವು ಸಾಮಾನ್ಯವಾಗಿ ಹೆಸರುವಾಸಿ ತಯಾರಕರವೇ ಆಗಿರುತ್ತವೆ, ಗುಣಮಟ್ಟದಲ್ಲಿ ಮೋಸವಿಲ್ಲ. ಹಾಗೆಂದು ಕಣ್ಣುಮುಚ್ಚಿ ಕೂರಿಸಬೇಡಿ. ಜರ್ನಲ್‌ನ ಪ್ರತಿ ಇಂಚು ವ್ಯಾಸಕ್ಕೆ ಒಂದು ಸಾವಿರದ ಒಂದಂಶ ಇಂಚು ಆಯಿಲ್ ಕ್ಲಿಯರೆನ್ಸ್ ಎಂಬ ಹಳೆಯ ಲೆಕ್ಕ ಇಲ್ಲಿಗೂ ಸಲ್ಲುತ್ತದೆ. ಮೇನ್‌ಗೆ 0.0024, ರಾಡ್‌ಗೆ 0.0021ರ ಆಸುಪಾಸು ಬಂದರೆ ಚಿಂತೆಯಿಲ್ಲ. ಪ್ಲಾಸ್ಟಿಗೇಜ್ ಎಳೆ (ಕ್ಯಾಪ್ ಬಿಗಿದಾಗ ಚಪ್ಪಟೆಯಾಗಿ ಸಂದಿಯ ಅಳತೆ ತೋರಿಸುವ ಮೆದು ಪ್ಲಾಸ್ಟಿಕ್ ದಾರ) ಇಡುವಾಗ ಜರ್ನಲ್ ಎಣ್ಣೆಯಿಲ್ಲದೆ ಒಣಗಿರಲಿ. ಕ್ಯಾಪ್ ಬಿಗಿದ ಮೇಲೆ ಕ್ರ್ಯಾಂಕ್ ಕೂದಲೆಳೆಯಷ್ಟೂ ತಿರುಗಬಾರದು. ತಿರುಗಿದರೆ ಎಳೆ ಮಸಕಾಗಿ ಅಳತೆ ಸುಳ್ಳು ಹೇಳುತ್ತದೆ. ಮೇನ್ ಕ್ಯಾಪ್ 60ರಿಂದ 70 ಪೌಂಡ್-ಅಡಿ, ರಾಡ್ ನಟ್ 40ರಿಂದ 45. ಎಳೆ ತೆಗೆದು ಕೊನೆಯ ಜೋಡಣೆ ಮಾಡುವಾಗ ಒಂದೊಂದು ಕ್ಯಾಪ್ ಬಿಗಿದಾಗಲೂ ಕ್ರ್ಯಾಂಕನ್ನು ಕೈಯಿಂದ ತಿರುಗಿಸಿ ನೋಡಿ. ಐದನೆಯ ಕ್ಯಾಪ್‌ವರೆಗೆ ಹಗುರಾಗಿದ್ದು ಆರನೆಯದಕ್ಕೆ ಬಿಗಿಯಾದರೆ ತೊಂದರೆ ಆರನೆಯದರಲ್ಲೇ ಇದೆ. ಎಲ್ಲ ಬಿಗಿದಾದ ಮೇಲೆ ಹುಡುಕುವ ತಲೆನೋವು ತಪ್ಪುತ್ತದೆ.

ಪಿಸ್ಟನ್ ಬಗ್ಗೆ ಒಂದು ಎಚ್ಚರಿಕೆ ಇದೆ. ರೀಬಿಲ್ಡ್‌ಗೆಂದು ಮಾಡುವ ಕೆಲವು ಪಿಸ್ಟನ್‌ಗಳಲ್ಲಿ ಪಿನ್ನಿನಿಂದ ತಲೆಯವರೆಗಿನ ಎತ್ತರ ಮೂಲದ್ದಕ್ಕಿಂತ ತುಸು ಕಡಿಮೆ ಇರುತ್ತದೆ. ಬ್ಲಾಕಿನ ಮೇಲ್ಮೈ ಕೆರೆಸಿದ್ದರೆ ಸರಿಹೋಗಲಿ ಎಂಬುದು ಅದರ ಉದ್ದೇಶ. ಕೆರೆಸದ ಬ್ಲಾಕ್‌ಗೆ ಅದನ್ನೇ ಹಾಕಿದರೆ ಪಿಸ್ಟನ್ ಬೋರ್‌ನೊಳಗೆ ಕೆಳಗೇ ನಿಲ್ಲುತ್ತದೆ, ಮೊದಲೇ ಕಡಿಮೆಯಿರುವ ಕಂಪ್ರೆಷನ್ ಇನ್ನೂ ಇಳಿಯುತ್ತದೆ. ಎಲ್ಲ ಹೊಸದು ಹಾಕಿದರೂ ಗಾಡಿ ಮಂಕಾಗಿದೆ ಎಂಬ ದೂರಿಗೆ ಎಷ್ಟೋ ಸಲ ಇದೇ ಕಾರಣ. ಹಳೆಯ ಪಿಸ್ಟನ್ ಪಕ್ಕದಲ್ಲಿಟ್ಟು ಕ್ಯಾಲಿಪರ್‌ನಿಂದ ಅಳೆದು ನೋಡಿ.

ರಿಂಗ್‌ಗಳ ಗ್ಯಾಪ್ ಪೆಟ್ಟಿಗೆಯಿಂದ ಬಂದಂತೆಯೇ ಸರಿಯಿರುತ್ತದೆ ಎಂದು ನಂಬುವಂತಿಲ್ಲ. ರಿಂಗನ್ನು ಬೋರ್‌ಗೆ ಇಳಿಸಿ, ಪಿಸ್ಟನ್ ತಲೆಕೆಳಗು ಮಾಡಿ ಒಂದು ಇಂಚು ಒಳಕ್ಕೆ ತಳ್ಳಿ, ಫೀಲರ್ ಗೇಜ್ ಹಾಕಿ. 4.030 ಇಂಚಿನ ಬೋರ್‌ಗೆ ಮೇಲಿನ ರಿಂಗ್ ಗ್ಯಾಪ್ 0.016, ಎರಡನೆಯದು ಅದಕ್ಕಿಂತ ಒಂದೆರಡು ಥೌ (ಇಂಚಿನ ಸಾವಿರದ ಒಂದಂಶ) ಹೆಚ್ಚು. ಕಡಿಮೆಯಿದ್ದರೆ ಇಂಜಿನ್ ಬಿಸಿಯಾದಾಗ ರಿಂಗಿನ ಎರಡು ತುದಿಗಳೂ ಒಂದನ್ನೊಂದು ಮುಟ್ಟಿ, ಹಿಗ್ಗಲು ಜಾಗವಿಲ್ಲದೆ ಬೋರ್ ಗೀರುತ್ತದೆ, ಇಲ್ಲವೇ ಪಿಸ್ಟನ್‌ನ ಅಂಚು ಮುರಿಯುತ್ತದೆ.

ಹೋನಿಂಗ್ (ಕಲ್ಲಿನಿಂದ ಸಿಲಿಂಡರ್ ಗೋಡೆ ಉಜ್ಜಿ ಸಣ್ಣ ಗೆರೆ ಮೂಡಿಸುವುದು) ಆದ ಬೋರ್ ತೊಳೆಯುವುದನ್ನು ಅರ್ಧಂಬರ್ಧ ಮಾಡುವವರೇ ಹೆಚ್ಚು. ಪೆಟ್ರೋಲ್, ಸೀಮೆಎಣ್ಣೆಯಿಂದ ಒರೆಸಿದರೆ ಹೋನ್ ಕಲ್ಲಿನ ಪುಡಿ ಗೆರೆಗಳೊಳಗೇ ಉಳಿಯುತ್ತದೆ. ಬಿಸಿನೀರು, ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಿ ತೊಳೆಯಬೇಕು. ಕೂಡಲೇ ಒಣಗಿಸಿ, ಎಣ್ಣೆ ಸವರಿ, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಿರಿ. ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೂ ಪಿಸ್ಟನ್ ಮುಟ್ಟಬೇಡಿ. ಆ ಪುಡಿ ಹೊಸ ರಿಂಗನ್ನು ಅರೆಯುತ್ತದೆ, ಎಣ್ಣೆಯ ಜತೆ ಹೊಸ ಬೇರಿಂಗನ್ನೂ ಮುಟ್ಟುತ್ತದೆ. ಬ್ಲಾಕಿನ ಆಯಿಲ್ ಗ್ಯಾಲರಿ ಪ್ಲಗ್ ಬಿಚ್ಚಿ ಉದ್ದ ಬ್ರಷ್ ಹಾಯಿಸುವುದೂ ಇದೇ ಕೆಲಸದ ಭಾಗ.

ಈಗ ಸೊನ್ನೆ ಕೊಟ್ಟ ಭಾಗಕ್ಕೆ ಬರೋಣ. ಬಹುತೇಕ ಕಿಟ್‌ಗಳಲ್ಲಿ ಕ್ಯಾಮ್‌ಗೆ ಬರುವುದು ಫೈಬರ್ ಗೇರ್, ಕಾರ್ಖಾನೆಯಲ್ಲಿ ಹಾಕುತ್ತಿದ್ದಂಥದ್ದೇ. ಲೋಹಕ್ಕೆ ಲೋಹ ಉಜ್ಜಿದರೆ ಸದ್ದು ಬರುತ್ತದೆಂದು ಫೈಬರ್ ಬಳಸಿದ್ದರು. ಬಿಸಿ ಎಣ್ಣೆಯಲ್ಲಿ ವರ್ಷಗಟ್ಟಲೆ ಬೆಂದ ಫೈಬರ್ ಪೆಡಸಾಗಿ ಹಲ್ಲು ಉದುರಿಸುತ್ತದೆ. ಹಲ್ಲು ಹೋದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಇಷ್ಟು ಗಟ್ಟಿ ಇಂಜಿನ್‌ನ ನಿಜವಾದ ದೌರ್ಬಲ್ಯ ಇದೊಂದೇ ಎನ್ನಬಹುದು. ಇಂಜಿನ್ ಪೂರ್ತಿ ಬಿಚ್ಚಿರುವಾಗ ಮತ್ತೆ ಫೈಬರ್ ಹಾಕುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಉಕ್ಕಿನ ಅಥವಾ ಅಲ್ಯೂಮಿನಿಯಂ ಗೇರ್ ಸೆಟ್ ಪ್ರತ್ಯೇಕವಾಗಿ ತರಿಸಿ. ಸಣ್ಣ ಗುಂಯ್‌ಗುಡುವ ಸದ್ದು ಬರುತ್ತದೆ, ಬರಲಿ. ಕ್ಯಾಮ್ ಗೇರ್, ಕ್ರ್ಯಾಂಕ್ ಗೇರ್ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಕ್ಯಾಮ್ ಗೇರ್ ಕೂರುವುದು ಪ್ರೆಸ್‌ನಲ್ಲಿ, ಸುತ್ತಿಗೆಯಲ್ಲಿ ಬಡಿಯಬೇಡಿ. ಅದಕ್ಕೆ ಮುನ್ನ ಥ್ರಸ್ಟ್ ಪ್ಲೇಟ್ ಮತ್ತು ಸ್ಪೇಸರ್ ಜಾಗದಲ್ಲಿವೆಯೇ ನೋಡಿಕೊಳ್ಳಿ. ಮರೆತರೆ ಗೇರ್ ಮತ್ತೆ ಕೀಳಬೇಕು. ಎರಡೂ ಗೇರಿನ ಚುಕ್ಕೆಗಳು ಎದುರುಬದುರಾದರೆ ಟೈಮಿಂಗ್ ಸರಿ. ಹಳೆಯ ಫೈಬರ್ ಹಲ್ಲು ಆಗಲೇ ಉದುರಿದ್ದರೆ ಚೂರುಗಳು ಸಂಪ್‌ನಲ್ಲಿ (ತಳದ ಎಣ್ಣೆ ತೊಟ್ಟಿಯಲ್ಲಿ) ಇವೆ, ಆಯಿಲ್ ಪಂಪ್ ಪಿಕಪ್‌ನ (ಎಣ್ಣೆ ಹೀರುವ ಕೊಳವೆಯ) ಜಾಲರಿಗೆ ಮೆತ್ತಿಕೊಂಡಿವೆ ಎಂದೇ ತಿಳಿಯಿರಿ. ಪಂಪ್ ಹೊಸದಾಗಿ, ಪಿಕಪ್ ಹಳೆಯದಾಗಿ ಉಳಿದರೆ ಪ್ರಯೋಜನವಿಲ್ಲ.

ಗ್ಯಾಸ್ಕೆಟ್ ಸೆಟ್ ಪರವಾಗಿಲ್ಲ. ಪುಷ್‌ರಾಡ್ ಇರುವ ಪಕ್ಕದ ಕವರ್‌ನ ಅಂಚು ಬಾಗಿದ್ದರೆ ಎಷ್ಟು ಒಳ್ಳೆಯ ಗ್ಯಾಸ್ಕೆಟ್ ಹಾಕಿದರೂ ಎಣ್ಣೆ ಜಿನುಗುತ್ತದೆ. ಸಪಾಟು ಮಾಡಿ ಕೂರಿಸಿ. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ, 50–55, 60–65, ಕೊನೆಗೆ 70–75 ಪೌಂಡ್-ಅಡಿ ಹೀಗೆ ಮೂರು ಸುತ್ತಿನಲ್ಲಿ ಬಿಗಿಯಿರಿ.

ಕಿಟ್‌ನಲ್ಲಿ ಇಲ್ಲದ್ದು ಹೆಡ್ ಕೆಲಸ. ಸೀಸ ಬೆರೆಸಿದ ಪೆಟ್ರೋಲ್ ಕಾಲದ ಹೆಡ್‌ಗಳಲ್ಲಿ ವಾಲ್ವ್ ಸೀಟ್ ಎರಕದ ಕಬ್ಬಿಣದ್ದೇ. ಈಗಿನ ಸೀಸರಹಿತ ಪೆಟ್ರೋಲ್‌ನಲ್ಲಿ ಭಾರ ಹೊತ್ತು ಓಡಿದರೆ ಎಕ್ಸಾಸ್ಟ್ ವಾಲ್ವ್ ಸೀಟನ್ನು ಕೊರೆಯುತ್ತಾ ಒಳಕ್ಕೆ ಹೂತುಹೋಗುತ್ತದೆ. ಆರು ಎಕ್ಸಾಸ್ಟ್ ಸೀಟ್‌ಗೂ ಗಟ್ಟಿ ಲೋಹದ ಇನ್ಸರ್ಟ್ ಹಾಕಿಸಿ. ಹೆಡ್ ಕೆರೆಸಿದ್ದರೆ ಪುಷ್‌ರಾಡ್ ಉದ್ದ ಇನ್ನೂ ಹೊಂದುತ್ತದೆಯೇ ಎಂಬುದನ್ನೂ ಪರೀಕ್ಷಿಸಬೇಕು.

ಅಪ್‌ಗ್ರೇಡ್‌ಗೆ ಹಣ ಮಿಕ್ಕಿದ್ದರೆ ಮೊದಲು ಎಕ್ಸಾಸ್ಟ್‌ಗೆ ಹಾಕಿ. 1987ರಿಂದ 1996ರವರೆಗಿನ ಫ್ಯೂಯೆಲ್ ಇಂಜೆಕ್ಷನ್ ಮಾದರಿಯ ಎರಕದ ಮ್ಯಾನಿಫೋಲ್ಡ್‌ಗಳು ಮೂರು ಮೂರು ಸಿಲಿಂಡರಿಗೆ ಒಂದರಂತೆ ಬೇರೆ ಬೇರೆಯಾಗಿವೆ, ಹಳೆಯ ಹೆಡ್‌ಗೂ ಕೂರುತ್ತವೆ. ಹಳೆಯ ಒಂಟಿ ಮ್ಯಾನಿಫೋಲ್ಡ್‌ಗಿಂತ ಉಸಿರಾಟ ಎಷ್ಟೋ ಸಲೀಸು. ಆದರೆ ಈ ಹೆಡ್‌ನಲ್ಲಿ ಇನ್‌ಟೇಕ್, ಎಕ್ಸಾಸ್ಟ್ ಎರಡೂ ಒಂದೇ ಪಕ್ಕದಲ್ಲಿವೆ, ಬೋಲ್ಟ್‌ಗಳನ್ನೂ ಹಂಚಿಕೊಳ್ಳುತ್ತವೆ. ಎರಡರ ಫ್ಲ್ಯಾಂಜ್ ದಪ್ಪದಲ್ಲಿ ಹೆಚ್ಚುಕಡಿಮೆಯಾದರೆ ಒಂದು ಬಿಗಿಯಾಗಿ ಇನ್ನೊಂದು ಸಡಿಲ ಉಳಿದು ಗಾಳಿ ಎಳೆಯುತ್ತದೆ. ಜತೆಗೆ, ಹಳೆಯ ಎಕ್ಸಾಸ್ಟ್ ಕಾರ್ಬ್ಯುರೇಟರ್ ತಳಕ್ಕೆ ಶಾಖ ಕೊಡುತ್ತಿತ್ತು. ಅದನ್ನು ತೆಗೆದರೆ ಚಳಿಯಲ್ಲಿ ಇಂಜಿನ್ ತೊಡರುತ್ತದೆ. ಬಿಸಿನೀರು ಹಾಯುವ ಪ್ಲೇಟ್ ಕೂರಿಸುವುದು ಇದಕ್ಕೆ ಪರಿಹಾರ.

ದೊಡ್ಡ ಕಾರ್ಬ್ಯುರೇಟರ್ ಆಸೆಗೆ ಬೀಳಬೇಡಿ. 300 ಘನ ಇಂಚು, 4000 ಆರ್‌ಪಿಎಂ, ಶೇ. 85 ತುಂಬುವಿಕೆ ಎಂದು ಲೆಕ್ಕ ಹಾಕಿದರೆ ಈ ಇಂಜಿನ್‌ಗೆ ಬೇಕಾದ ಗಾಳಿ ನಿಮಿಷಕ್ಕೆ ಸುಮಾರು 295 ಘನ ಅಡಿ. 390 ಸಿಎಫ್‌ಎಂನ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿಯ) ನಾಲ್ಕು ಬ್ಯಾರಲ್ ಕಾರ್ಬ್ಯುರೇಟರ್ ಧಾರಾಳ. 600 ಹಾಕಿದರೆ ಕೆಳಗಿನ ವೇಗದಲ್ಲಿ ವೆಂಚುರಿಯಲ್ಲಿ (ಕಾರ್ಬ್ಯುರೇಟರ್‌ನ ಕಿರಿದಾದ ಕಂಠದಲ್ಲಿ) ಗಾಳಿ ನಿಧಾನವಾಗಿ, ಈ ಇಂಜಿನ್‌ನ ಆಸ್ತಿಯೇ ಆದ ಕೆಳ ಆರ್‌ಪಿಎಂ ಎಳೆತ ಕೈತಪ್ಪುತ್ತದೆ.

ಕಿಟ್‌ನ ಕ್ಯಾಮ್, ಲಿಫ್ಟರ್ ಉಳಿಯುವುದು ಕೆಡುವುದು ಮೊದಲ 20 ನಿಮಿಷದಲ್ಲಿ ನಿರ್ಧಾರವಾಗುತ್ತದೆ. ಕ್ಯಾಮ್ ಮೇಲೆ ಕೂತು ವಾಲ್ವ್ ಎತ್ತಿಸುವ ಲಿಫ್ಟರ್‌ನ ತಳ ಸಪಾಟಾಗಿ ಕಂಡರೂ ತುಸು ಉಬ್ಬಿರುತ್ತದೆ, ಕ್ಯಾಮ್‌ನ ಲೋಬ್ (ಲಿಫ್ಟರನ್ನು ತಳ್ಳುವ ಉಬ್ಬು) ತುಸು ಓರೆಯಾಗಿರುತ್ತದೆ. ಇದರಿಂದ ಲಿಫ್ಟರ್ ಏಳುತ್ತಾ ಇಳಿಯುತ್ತಾ ತನ್ನ ಸುತ್ತ ತಿರುಗುತ್ತದೆ. ತಿರುಗದಿದ್ದರೆ ಲೋಬ್ ಸವೆದು ಚಪ್ಪಟೆ. ಆದ್ದರಿಂದ ಲೋಬ್‌ಗಳಿಗೆ ಮೊಲಿ (ಮಾಲಿಬ್ಡಿನಮ್) ಪೇಸ್ಟ್ ದಪ್ಪವಾಗಿ ಬಳಿಯಿರಿ. ಡಿಸ್ಟ್ರಿಬ್ಯೂಟರ್ ತೆಗೆದು, ಪಂಪ್‌ನ ಷಡ್ಭುಜ ಶಾಫ್ಟನ್ನು ಡ್ರಿಲ್‌ನಿಂದ ಡಿಸ್ಟ್ರಿಬ್ಯೂಟರ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ರಾಕರ್‌ಗಳಿಗೆ ಎಣ್ಣೆ ಬರುವವರೆಗೂ ಪ್ರೆಷರ್ ಏರಿಸಿ. ಕಾರ್ಬ್ಯುರೇಟರ್‌ಗೆ ಪೆಟ್ರೋಲ್ ತುಂಬಿ, ಟೈಮಿಂಗ್ ಹೊಂದಿಸಿ, ಮೊದಲ ಏಟಿಗೇ ಸ್ಟಾರ್ಟ್ ಆಗುವಂತೆ ಸಿದ್ಧಮಾಡಿಕೊಳ್ಳಿ. ಸ್ಟಾರ್ಟ್ ಆದ ಕೂಡಲೇ 2000ದಿಂದ 2500 ಆರ್‌ಪಿಎಂ ಏರಿಳಿಸುತ್ತಾ 20 ನಿಮಿಷ ಓಡಿಸಿ. ಲೋಬ್‌ಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ. ಐಡಲ್‌ನಲ್ಲಿ ಆ ಎರಚು ಸಾಲದು. ನೀರೋ ಎಣ್ಣೆಯೋ ಸೋರಿದರೆ ಐಡಲ್‌ಗೆ ಇಳಿಸಿ ನೋಡುತ್ತಾ ನಿಲ್ಲಬೇಡಿ, ಇಂಜಿನ್ ಆರಿಸಿ, ಸರಿಪಡಿಸಿ, ಮತ್ತೆ ಅದೇ ವೇಗಕ್ಕೆ ಏರಿಸಿ. ಎಣ್ಣೆ ಜಿಂಕ್ ಹೆಚ್ಚಿರುವ ಬ್ರೇಕ್-ಇನ್ ಆಯಿಲ್ ಆಗಿರಲಿ. ಅದು ಯಾವ ಮಾಸ್ಟರ್ ಕಿಟ್‌ನಲ್ಲೂ ಬರುವುದಿಲ್ಲ, ಗೇರ್ ಸೆಟ್ ತರಿಸುವಾಗಲೇ ಪಟ್ಟಿಗೆ ಸೇರಿಸಿ. 20 ನಿಮಿಷ ಮುಗಿದ ಮೇಲೆ ಆ ಎಣ್ಣೆ ಇಳಿಸಿ, ಫಿಲ್ಟರ್ ಕತ್ತರಿಸಿ, ಕಾಗದದ ಮಡಿಕೆಗಳನ್ನು ಬಿಡಿಸಿ ಬೆಳಕಿಗೆ ಹಿಡಿಯಿರಿ. ಬೂದುಬಣ್ಣದ ಪೇಸ್ಟಿನ ಕಲೆ ಇದ್ದರೆ ಅದು ಮೊಲಿ. ಮಿಂಚುವ ಚೂರುಗಳು ಕಂಡು, ಆಯಸ್ಕಾಂತಕ್ಕೂ ಅಂಟಿದರೆ, ಪಕ್ಕದ ಕವರ್ ಬಿಚ್ಚಿ ಲಿಫ್ಟರ್‌ಗಳನ್ನು ಒಂದೊಂದಾಗಿ ಹೊರತೆಗೆದು ತಳ ನೋಡಬೇಕು.