ಟಿನಿ: ಕೆಲವು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ಡಾಕರ್ ಕಂಟೇನರ್‌ಗಳಲ್ಲಿ (ಪ್ರೋಗ್ರಾಮ್ ಅನ್ನು ಪ್ರತ್ಯೇಕವಾಗಿ ಓಡಿಸುವ ಡಬ್ಬಿಗಳಲ್ಲಿ) ಕೆಲವು ವರ್ಷಗಳಿಂದ ಟಿನಿ ಬಳಸುತ್ತಿದ್ದೇನೆ. ಇದು ಕಂಟೇನರ್‌ನಲ್ಲಿ ಮೊದಲು ಶುರುವಾಗಿ ನಮ್ಮ ಪ್ರೋಗ್ರಾಮ್ ಅನ್ನು ಓಡಿಸುವ ಪುಟ್ಟ ‘ಇನಿಟ್’ ಪ್ರೋಗ್ರಾಮ್. ಇವತ್ತಿಗೂ ಓಡುತ್ತಿರುವುದು 2020ರಲ್ಲಿ ಬಂದ 0.19.0 ಆವೃತ್ತಿಯೇ. ಇದರ ಕೆಲಸ ಎರಡೇ: ಸತ್ತ ಪ್ರಾಸೆಸ್‌ಗಳನ್ನು (ಓಡಿ ಮುಗಿದ ಪ್ರೋಗ್ರಾಮ್‌ಗಳನ್ನು) ಗುಡಿಸುವುದು, ಹೊರಗಿಂದ ಬಂದ ಸಿಗ್ನಲ್ ಅನ್ನು (‘ನಿಲ್ಲು’ ಎಂಬಂಥ ಸೂಚನೆಯನ್ನು) ಒಳಗಿನ ಪ್ರೋಗ್ರಾಮ್‌ಗೆ ದಾಟಿಸುವುದು. ಎರಡನ್ನೂ ಅಚ್ಚುಕಟ್ಟಾಗಿ ಮಾಡುತ್ತದೆ. ಆದರೆ ಇದನ್ನು ಹಾಕಿಬಿಟ್ಟರೆ ಜಾಂಬಿಗಳೇ (ಸತ್ತರೂ ಪಟ್ಟಿಯಿಂದ ಹೋಗದ ಪ್ರಾಸೆಸ್‌ಗಳೇ) ಇರುವುದಿಲ್ಲ ಅಂದುಕೊಳ್ಳುವವರು ತುಂಬಾ ಜನ. ಹಾಗಿಲ್ಲ.

ನಮ್ಮಲ್ಲಿ ವೆಬ್ ಪುಟವನ್ನು ಪಿಡಿಎಫ್ ಮಾಡಿಕೊಡುವ ಒಂದು ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್) ಸರ್ವಿಸ್ ಇದೆ. ಪ್ರತಿ ಕೋರಿಕೆಗೂ ಹೆಡ್‌ಲೆಸ್ (ಕಿಟಕಿ ತೆರೆಯದ) ಬ್ರೌಸರ್ ಏಳುತ್ತದೆ, ಅದರ ಕೆಳಗೆ ಇನ್ನಷ್ಟು ಮರಿ ಪ್ರಾಸೆಸ್‌ಗಳು. ಟೈಮ್‌ಔಟ್ ಆಗಿ ಮುಖ್ಯ ಬ್ರೌಸರ್ ಸತ್ತರೆ ಮರಿಗಳು ಅನಾಥವಾಗಿ ಪಿಐಡಿ 1ರ (ಕಂಟೇನರ್‌ನ ಮೊದಲ ಪ್ರಾಸೆಸ್‌ನ) ಮಡಿಲಿಗೆ ಬೀಳುತ್ತವೆ. ಟಿನಿ ಇಲ್ಲದಿದ್ದರೆ ಆ ಪಿಐಡಿ 1 ನೋಡ್ ತಾನೇ. ಅದು ತಾನು ಹುಟ್ಟಿಸಿದ ಮಕ್ಕಳಿಗೆ ಮಾತ್ರ ವೇಟ್‌ಪಿಡ್ (ಸತ್ತ ಮಗುವಿನ ಲೆಕ್ಕ ಮುಗಿಸುವ ಕರೆ) ಕರೆಯುತ್ತದೆ, ದತ್ತು ಬಂದವನ್ನು ಕೇಳುವುದಿಲ್ಲ. ಪ್ರಾಸೆಸ್‌ಗಳ ಪಟ್ಟಿ ತೋರಿಸುವ ಪಿಎಸ್ ಹಾಕಿದರೆ ಸಾಲುಸಾಲು ‘ಡಿಫಂಕ್ಟ್’, ಸ್ಟ್ಯಾಟ್ ಕಾಲಮ್‌ನಲ್ಲಿ ಬರೀ ಝೆಡ್, ಅಂದರೆ ಜಾಂಬಿ. ಸತ್ತವರ ಹೆಸರು ರೇಷನ್ ಕಾರ್ಡಿನಲ್ಲಿ ಉಳಿದ ಹಾಗೆ: ಮೆಮೊರಿ ತಿನ್ನುವುದಿಲ್ಲ, ಸಿಪಿಯು ತಿನ್ನುವುದಿಲ್ಲ, ಪಟ್ಟಿಯಲ್ಲಿ ಜಾಗ ಮಾತ್ರ ಬಿಡುವುದಿಲ್ಲ. ಪಿಐಡಿ ಮಿತಿ (ಇಷ್ಟೇ ಪ್ರಾಸೆಸ್ ಎಂಬ ಮಿತಿ) ಹಾಕಿದ ಕಂಟೇನರ್‌ನಲ್ಲಿ ಇವೂ ಲೆಕ್ಕಕ್ಕೆ ಬರುತ್ತವೆ. ಮಿತಿ ಮುಟ್ಟಿದ ಮೇಲೆ ಫೋರ್ಕ್ ಆಗುವುದಿಲ್ಲ (ಹೊಸ ಪ್ರಾಸೆಸ್ ಹುಟ್ಟುವುದಿಲ್ಲ), ‘ರಿಸೋರ್ಸ್ ಟೆಂಪೊರರಿಲಿ ಅನವೈಲಬಲ್’ ಅಂತ ಸರ್ವಿಸ್ ನಿಲ್ಲುತ್ತದೆ. ಬಲವಂತವಾಗಿ ಸಾಯಿಸುವ ಕಿಲ್ -9 ಹೊಡೆದರೂ ಏನೂ ಆಗದು, ಸತ್ತದ್ದನ್ನು ಮತ್ತೆ ಸಾಯಿಸುವುದೆಲ್ಲಿಂದ?

ಪರಿಹಾರ ಒಂದು ಫ್ಲ್ಯಾಗ್. ಡಾಕರ್ 1.13ರಿಂದ (2017) ಟಿನಿ ಅದರೊಳಗೇ ಬರುತ್ತದೆ: ‘ಡಾಕರ್ ರನ್ --ಇನಿಟ್’ ಅಂದರೆ ಸಾಕು, ಕಂಟೇನರ್‌ಗಳ ಸೆಟ್ಟಿಂಗ್ ಬರೆಯುವ ಕಂಪೋಸ್ ಫೈಲ್‌ನಲ್ಲಾದರೆ ‘ಇನಿಟ್: ಟ್ರೂ’. ಹಾಕಿದ ಮೇಲೆ ನಮ್ಮಲ್ಲಿ ಆ ಸಾಲುಗಳು ಮತ್ತೆ ಕಾಣಿಸಿಲ್ಲ.

ನಾನು ನಿರೀಕ್ಷಿಸದಿದ್ದ ಲಾಭ ಸಿಗ್ನಲ್‌ನದು. ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಏನು ಮಾಡಬೇಕೆಂಬ ಕೋಡ್) ಬರೆಯದಿದ್ದರೆ ಪಿಐಡಿ 1ಕ್ಕೆ ಸಿಗ್‌ಟರ್ಮ್ (‘ನಿಲ್ಲು’ ಎಂಬ ಸಿಗ್ನಲ್) ನಾಟುವುದೇ ಇಲ್ಲ, ಲಿನಕ್ಸ್ ಕರ್ನಲ್‌ನ ನಿಯಮವೇ ಹಾಗೆ. ಹಾಗಾಗಿ ‘ಡಾಕರ್ ಸ್ಟಾಪ್’ 10 ಸೆಕೆಂಡ್ ಕಾದು ಸಿಗ್‌ಕಿಲ್ (ಅದೇ ಕಿಲ್ -9) ಹೊಡೆಯುತ್ತದೆ, ಎಕ್ಸಿಟ್ ಕೋಡ್ 137. ಟಿನಿಯೇ ಪಿಐಡಿ 1 ಆಗಿ ಕೂತರೆ ನಮ್ಮ ಪ್ರೋಗ್ರಾಮ್ ಸಾಮಾನ್ಯ ಪ್ರಾಸೆಸ್ ಆಗುತ್ತದೆ, ಹೇಳಿದ ಕೂಡಲೇ ನಿಲ್ಲುತ್ತದೆ. ಡಿಪ್ಲಾಯ್ ಮಾಡುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಒಂದು ಎಚ್ಚರಿಕೆ: ನಡುವೆ ಶೆಲ್ ಸ್ಕ್ರಿಪ್ಟ್ ಇದ್ದರೆ ಸಿಗ್ನಲ್ ಶೆಲ್‌ಗೆ ಮಾತ್ರ ಹೋಗುತ್ತದೆ. ಶೆಲ್ ಸಾಯುತ್ತದೆ, ಟಿನಿ ಹೊರಬೀಳುತ್ತದೆ, ಒಳಗಿದ್ದ ಆ್ಯಪ್ ಅರ್ಧ ಕೆಲಸದಲ್ಲೇ ಕೊಲೆಯಾಗುತ್ತದೆ. ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ‘ಎಕ್ಸೆಕ್’ ಹಾಕಿ (ಆಗ ಶೆಲ್‌ನ ಜಾಗಕ್ಕೆ ಆ್ಯಪ್ ಬರುತ್ತದೆ), ಇಲ್ಲವೇ ಟಿನಿಗೆ ‘-ಜಿ’ ಕೊಟ್ಟು ಇಡೀ ಪ್ರಾಸೆಸ್ ಗ್ರೂಪ್‌ಗೆ ಸಿಗ್ನಲ್ ಹೋಗುವಂತೆ ಮಾಡಿ.

ಇನ್ನು ಟಿನಿಯ ಕೈಗೆ ಸಿಗದ ಜಾಂಬಿಗಳು. ತಂದೆ ಪ್ರಾಸೆಸ್ ಜೀವಂತವಾಗಿದ್ದು ವೇಟ್ ಕರೆಯದೆ ಕೂತಿದ್ದರೆ ಆ ಮಗು ಟಿನಿಯ ಬಳಿ ಬರುವುದೇ ಇಲ್ಲ. ಅದು ಕೋಡ್‌ನ ದೋಷ, ಅಲ್ಲೇ ಸರಿಮಾಡಬೇಕು. ತುರ್ತಿಗೆ ತಂದೆಯನ್ನು ರೀಸ್ಟಾರ್ಟ್ ಮಾಡಿದರೆ ಮಕ್ಕಳು ಟಿನಿಗೆ ದಾಟಿ ತಕ್ಷಣ ಮಾಯವಾಗುತ್ತವೆ, ಆದರೆ ನಾಳೆ ಮತ್ತೆ ಅದೇ ಕತೆ. ಅದಕ್ಕೇ ಮೊದಲು ಪಿಎಸ್‌ನಲ್ಲಿ ಪಿಪಿಐಡಿ (ತಂದೆಯ ಸಂಖ್ಯೆ) ಕಾಲಮ್ ನೋಡಿ. ಜಾಂಬಿಗಳ ತಂದೆ 1 ಆಗಿದ್ದರೆ ಟಿನಿ ಹಾಕಿ. ಬೇರೆ ಸಂಖ್ಯೆ ಇದ್ದರೆ ಆ ಪ್ರೋಗ್ರಾಮ್ ಬರೆದವರ ಹತ್ತಿರ ಹೋಗಿ.

ಇಮೇಜ್‌ನಲ್ಲೂ (ಕಂಟೇನರ್‌ನ ಅಚ್ಚಿನಲ್ಲೂ) ಟಿನಿ, ರನ್ ಮಾಡುವಾಗಲೂ --ಇನಿಟ್ ಕೊಟ್ಟರೆ ತಾನು ಪಿಐಡಿ 1 ಅಲ್ಲ ಎಂದು ಒಳಗಿನ ಟಿನಿ ಲಾಗ್‌ನಲ್ಲಿ ಎಚ್ಚರಿಸುತ್ತದೆ. ಕಂಟೇನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಪಾಡ್‌ನ (ಒಟ್ಟಿಗೆ ಓಡುವ ಗುಂಪಿನ) ಕಂಟೇನರ್‌ಗಳು ಪ್ರಾಸೆಸ್ ನೇಮ್‌ಸ್ಪೇಸ್ (ಒಂದೇ ಪ್ರಾಸೆಸ್ ಪಟ್ಟಿ) ಹಂಚಿಕೊಂಡಾಗಲೂ ಇದೇ ಸಾಲು ಬರುತ್ತದೆ. ಅಲ್ಲಿ ಗುಡಿಸುವ ಕೆಲಸ ಕುಬರ್ನೆಟಿಸ್ ತಾನೇ ಪ್ರತಿ ಪಾಡ್‌ನಲ್ಲಿ ಇಡುವ ‘ಪಾಜ್’ ಕಂಟೇನರ್‌ನದು, ಗಾಬರಿ ಬೇಡ.

ಮಕ್ಕಳನ್ನೇ ಹುಟ್ಟಿಸದ, ಸಿಗ್‌ಟರ್ಮ್ ಅನ್ನು ತಾನೇ ನೋಡಿಕೊಳ್ಳುವ ಒಂಟಿ ಪ್ರೋಗ್ರಾಮ್ ನಿಮ್ಮದಾದರೆ ಟಿನಿ ಬೇಕಿಲ್ಲ. ಬ್ರೌಸರ್, ಶೆಲ್, ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್) ಯಾವುದಾದರೂ ಒಳಗಿದ್ದರೆ ಮೊದಲ ದಿನದಿಂದಲೇ ಹಾಕಿ. 5ಕ್ಕೆ 4.5 ಕೊಡುತ್ತೇನೆ, ಅರ್ಧ ಕಳೆದದ್ದು ‘-ಜಿ’ ತಾನಾಗಿ ಆನ್ ಆಗಿರದ ಕಾರಣಕ್ಕೆ.