ಫಿಟ್ಸ್‌ಗೆ ಎರಡನೇ ಮಾತ್ರೆ ಸೇರಿಸಿದರೆ, ಎಷ್ಟು ವಾರದಲ್ಲಿ ಡೋಸ್ ಏರಿಸುತ್ತಾರೆ ಅಂತ ಕೇಳಿ

ತಮ್ಮನಿಗೆ 14ನೇ ವಯಸ್ಸಿನಿಂದ ಫಿಟ್ಸ್ ಇದೆ. ವಾಲ್ಪ್ರೊಯೇಟ್ ಮಾತ್ರೆಯಿಂದ ವರ್ಷಗಟ್ಟಲೆ ಹತೋಟಿಯಲ್ಲಿತ್ತು. ಆಮೇಲೆ ಮತ್ತೆ ಬರಲು ಶುರುವಾಯಿತು. ಹೊಸ ಡಾಕ್ಟರ್ ಲ್ಯಾಮೋಟ್ರಿಜಿನ್ ಬರೆದುಕೊಟ್ಟರು. ಅದು ಒಳ್ಳೆಯ ಔಷಧಿಯೇ. ಎರಡನ್ನೂ ಒಟ್ಟಿಗೆ ಕೊಡುವುದೂ ತಪ್ಪಲ್ಲ. ಎಡವಟ್ಟಾಗಿದ್ದು ಏರಿಸಿದ ವೇಗದಲ್ಲಿ.

ಮೊದಲ ದಿನದಿಂದಲೇ 50 ಮಿಲಿಗ್ರಾಂ, ಎರಡನೇ ವಾರದಿಂದ 100. "ಹಳೆ ಮಾತ್ರೆ ಹಾಗೇ ಇರಲಿ" ಅಂದರು. ಆ ಹಳೆ ಮಾತ್ರೆ ಯಾವುದು ಅಂತ ಕೇಳಲಿಲ್ಲ. ಹಳೆ ಚೀಟಿ ನನ್ನ ಬ್ಯಾಗಿನಲ್ಲೇ ಇತ್ತು. ನಾನೂ ತೆಗೆದು ತೋರಿಸಲಿಲ್ಲ.

16ನೇ ದಿನ ಜ್ವರ ಬಂತು. ಕಣ್ಣು ಕೆಂಪಗಾಗಿ ಉರಿ, ಗಂಟಲು ನೋವು. ವೈರಲ್ ಇರಬೇಕು ಅಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟೆವು. ಲ್ಯಾಮೋಟ್ರಿಜಿನ್ನನ್ನೂ ಮರೆಯದೆ ಕೊಟ್ಟೆವು. ಮರುದಿನ ಎದೆ ಮೇಲೆ ಕೆಂಪು ಕಲೆಗಳು. ರಾತ್ರಿಯೊಳಗೆ ಬಾಯಿ ತುಂಬ ಹುಣ್ಣು, ಎಂಜಲು ನುಂಗಲೂ ಆಗುತ್ತಿರಲಿಲ್ಲ. ಅಂಗಿ ಬಿಚ್ಚುವಾಗ ಬೆನ್ನಿನ ಚರ್ಮ ಬಟ್ಟೆಗೆ ಅಂಟಿಕೊಂಡು ಬಂತು. ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ತುರ್ತು ವಿಭಾಗದ ಡಾಕ್ಟರ್ ಮೊದಲು ಕೇಳಿದ್ದೇ "ಇತ್ತೀಚೆಗೆ ಹೊಸ ಮಾತ್ರೆ ಏನಾದರೂ ಶುರು ಮಾಡಿದ್ದೀರಾ?" ಅಂತ. ತಕ್ಷಣ ಲ್ಯಾಮೋಟ್ರಿಜಿನ್ ನಿಲ್ಲಿಸಿದರು. ಸ್ಟೀವನ್ಸ್ ಜಾನ್ಸನ್ ಸಿಂಡ್ರೋಮ್ ಅಂದರು, ಅಂದರೆ ಔಷಧಿ ಒಗ್ಗದೆ ಚರ್ಮ ಸುಲಿದು ಬಾಯಿ, ಕಣ್ಣೆಲ್ಲ ಹುಣ್ಣಾಗುವ ಸ್ಥಿತಿ. ಅಪರೂಪದ್ದು, ಆದರೆ ಜೀವಕ್ಕೇ ಅಪಾಯ. 19 ದಿನ ಆಸ್ಪತ್ರೆಯಲ್ಲಿದ್ದ.

ಆಮೇಲೆ ಅವರೇ ಕೂರಿಸಿಕೊಂಡು ಬಿಡಿಸಿ ಹೇಳಿದರು. ಲ್ಯಾಮೋಟ್ರಿಜಿನ್ನನ್ನು ಲಿವರ್ ಕರಗಿಸಿ ಹೊರಹಾಕುತ್ತದೆ. ವಾಲ್ಪ್ರೊಯೇಟ್ ಆ ಕೆಲಸಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಅದೇ ಮಾತ್ರೆ ರಕ್ತದಲ್ಲಿ ಸುಮಾರು ಎರಡು ಪಟ್ಟು ನಿಲ್ಲುತ್ತದೆ. ಅದಕ್ಕೇ ವಾಲ್ಪ್ರೊಯೇಟ್ ತೆಗೆದುಕೊಳ್ಳುವ ದೊಡ್ಡವರಿಗೆ ಸಾಮಾನ್ಯವಾಗಿ ಮೊದಲ ಎರಡು ವಾರ ದಿನ ಬಿಟ್ಟು ದಿನ 25 ಮಿಲಿಗ್ರಾಂ, ಮುಂದಿನ ಎರಡು ವಾರ ದಿನಕ್ಕೆ 25, ಆಮೇಲೆ ನಿಧಾನವಾಗಿ ಮೇಲಕ್ಕೆ. ತಮ್ಮನಿಗೆ ಶುರುವಿಗೇ ಇದರ ನಾಲ್ಕು ಪಟ್ಟು ಹೋಗಿತ್ತು. ನಿಧಾನವಾಗಿ ಏರಿಸಿದರೂ ಅಪಾಯ ಪೂರ್ತಿ ಹೋಗುವುದಿಲ್ಲ, ಆದರೆ ತುಂಬಾ ಕಡಿಮೆಯಾಗುತ್ತದೆ.

ದಯವಿಟ್ಟು ಎಲ್ಲಾ ಮಾತ್ರೆಗಳನ್ನೂ ಮೇಜಿನ ಮೇಲೆ ಇಟ್ಟು ತೋರಿಸಿ. ಗರ್ಭನಿರೋಧಕ ಮಾತ್ರೆಯನ್ನೂ ಹೇಳಿ, ಸಂಕೋಚ ಬೇಡ. ಈಸ್ಟ್ರೋಜೆನ್ ಇರುವಂಥದ್ದು ಲ್ಯಾಮೋಟ್ರಿಜಿನ್ ಮಟ್ಟವನ್ನು ಇಳಿಸಿ ಫಿಟ್ಸ್ ಮರಳಿಸಬಹುದು. ಐದಾರು ದಿನ ಮಾತ್ರೆ ತಪ್ಪಿದ್ದರೆ ಹಳೆ ಡೋಸ್‌ಗೆ ಸುಮ್ನೆ ಹಾರಬೇಡಿ, ಡಾಕ್ಟರಿಗೆ ಹೇಳಿ. ಮತ್ತೆ ಕೆಳಗಿನಿಂದಲೇ ಶುರು ಮಾಡಬೇಕಾಗಬಹುದು. ಶುರುವಾದ ಮೊದಲ ಎರಡು ತಿಂಗಳಲ್ಲಿ ಮೈಮೇಲೆ ಕಲೆ ಕಂಡರೆ, ಅದರಲ್ಲೂ ಜ್ವರ, ಬಾಯಿಹುಣ್ಣು, ಕಣ್ಣುರಿ ಜೊತೆಗಿದ್ದರೆ, ಬೆಳಗಾಗಲಿ ಅಂತ ಕಾಯಬೇಡಿ. ನಾವು ಕಾದೆವು.

ಇದನ್ನು ಓದಿ ಹೆದರಿ ಫಿಟ್ಸ್ ಮಾತ್ರೆ ನೀವಾಗಿಯೇ ಬಿಟ್ಟುಬಿಡಬೇಡಿ. ತಮ್ಮನೂ ಮನೆಗೆ ಬಂದ ಮೇಲೆ "ಯಾವ ಮಾತ್ರೆಯೂ ಬೇಡ" ಅಂತ ವಾಲ್ಪ್ರೊಯೇಟನ್ನೂ ಎರಡು ದಿನ ದೂರವಿಟ್ಟ. ಮೂರನೇ ದಿನ ಒಂದರ ಹಿಂದೆ ಒಂದು ಫಿಟ್ಸ್ ಬಂದು ಮತ್ತೆ ಅದೇ ತುರ್ತು ವಿಭಾಗಕ್ಕೆ ಓಡಿದೆವು.

ಈಗ ಅವನಿಗೆ ಬೇರೆ ಔಷಧಿ ಹೊಂದಿದೆ. ಕಣ್ಣು ಮಾತ್ರ ಒಣಗುತ್ತಲೇ ಇರುತ್ತದೆ, ದಿನಕ್ಕೆ ನಾಲ್ಕು ಸಲ ಹನಿ ಹಾಕಬೇಕು. "ಲ್ಯಾಮೋಟ್ರಿಜಿನ್ ಕೊಡಬಾರದು" ಅಂತ ಬರೆದ ಚೀಟಿ ಅವನ ಪರ್ಸ್‌ನಲ್ಲಿದೆ, ಅದರ ಇನ್ನೊಂದು ಪ್ರತಿ ನನ್ನ ಬ್ಯಾಗಿನಲ್ಲಿದೆ.