ಪೆಟ್ಟಿಗೆಗಾಗಿಯೇ ಕೊಳ್ಳಬೇಕಾದ ಆಟಗಳು: ಇನ್ಫೋಕಾಮ್ ಫೀಲೀಸ್ ವಿಮರ್ಶೆ

1980ರ ದಶಕದಲ್ಲಿ ಕಂಪ್ಯೂಟರ್ ಆಟವೊಂದನ್ನು ಕದಿಯಲು ಒಂದು ಖಾಲಿ ಫ್ಲಾಪಿ ಸಾಕಿತ್ತು. ಕಂಪನಿಗಳು ಡಿಸ್ಕಿಗೇ ಬೀಗ ಹಾಕಿದರೆ, ಬೀಗ ಮುರಿಯುವ ಪ್ರೋಗ್ರಾಂಗಳು ಬೆನ್ನಿಗೇ ಬರುತ್ತಿದ್ದವು. ಅಮೆರಿಕದ ಮ್ಯಾಸಚೂಸೆಟ್ಸ್‌ನ ಇನ್ಫೋಕಾಮ್ ಬರೀ ಅಕ್ಷರಗಳಲ್ಲಿ ನಡೆಯುವ ಸಾಹಸದ ಆಟಗಳನ್ನು ಮಾಡುತ್ತಿತ್ತು. ಅದು ಪೆಟ್ಟಿಗೆಯೊಳಗೆ ಇಟ್ಟ, ಡಿಸ್ಕಿನ ಜೊತೆ ನಕಲಾಗದ ಕಾಗದ, ನಕ್ಷೆ, ಆಟಿಕೆಗಳಿಗೆ ‘ಫೀಲೀಸ್’ ಎಂಬ ಹೆಸರು ಬಂತು. ಇವತ್ತು ಹಳೆಯ ಪೆಟ್ಟಿಗೆ ಕೊಳ್ಳುವವರಿಗೂ, ತಮ್ಮ ಆಟವನ್ನೋ ಪುಸ್ತಕವನ್ನೋ ಪೆಟ್ಟಿಗೆಯಲ್ಲಿಟ್ಟು ಮಾರಬೇಕೆಂದಿರುವವರಿಗೂ ಇವನ್ನು ಒಂದೊಂದಾಗಿ ತೂಗಿ ನೋಡುವುದು ಉಪಯೋಗಕ್ಕೆ ಬರುತ್ತದೆ.

ಇದೆಲ್ಲ ಶುರುವಾದದ್ದು 1982ರ ‘ಡೆಡ್‌ಲೈನ್’ ಎಂಬ ಕೊಲೆ ತನಿಖೆಯ ಆಟದಿಂದ, ಅದೂ ಪೈರಸಿಯ ಭಯದಿಂದಲ್ಲ. ಕಥೆಯ ಹಿನ್ನೆಲೆಯೆಲ್ಲ ಡಿಸ್ಕಿನಲ್ಲಿ ಹಿಡಿಸಲಿಲ್ಲ. ಉಳಿದದ್ದನ್ನು ಅಚ್ಚು ಹಾಕಿಸಿದರು. ವಿಚಾರಣೆಯ ಟಿಪ್ಪಣಿ, ಲ್ಯಾಬ್ ವರದಿ, ಕೊಲೆಯಾದ ಜಾಗದ ಫೋಟೊ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಬಿಳಿ ಮಾತ್ರೆಗಳು. ಕೈಗೆತ್ತಿಕೊಂಡರೆ ನಿಜವಾದ ಪೊಲೀಸ್ ಫೈಲಿನಂತೆಯೇ ಇದೆ. ನಕಲು ತಡೆಯುವ ವಿಷಯಕ್ಕೆ ಬಂದರೆ ಮಾತ್ರ ದುರ್ಬಲ: ಕೆಲಸಕ್ಕೆ ಬೇಕಾದದ್ದೆಲ್ಲ ಕಾಗದದ ಮೇಲಿದೆ, ಕಾಗದ ಜೆರಾಕ್ಸ್ ಆಗುತ್ತದೆ.

ಅದೇ ವರ್ಷದ ‘ಸ್ಟಾರ್‌ಕ್ರಾಸ್’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಜೊತೆಗಿರುವ ನಕ್ಷತ್ರ ನಕ್ಷೆಯಿಂದ ನಿರ್ದೇಶಾಂಕ ಓದಿ ಹೇಳದಿದ್ದರೆ ನೌಕೆ ಗುರಿಯತ್ತ ಹೊರಡುವುದೇ ಇಲ್ಲ. ಉಪಾಯ ಗಟ್ಟಿ, ಪೆಟ್ಟಿಗೆ ತಪ್ಪು. ಹಾರುವ ತಟ್ಟೆಯ ಆಕಾರದ ಆ ಪ್ಯಾಕನ್ನು ಅಂಗಡಿಯ ಶೆಲ್ಫಿನಲ್ಲಿ ಜೋಡಿಸಿಡುವುದೇ ಕಷ್ಟವಾಗಿತ್ತು. 1984ರಲ್ಲಿ ಕಂಪನಿ ಎಲ್ಲ ಆಟಗಳನ್ನೂ ಪುಸ್ತಕದಂತೆ ತೆರೆಯುವ ಒಂದೇ ಅಳತೆಯ ‘ಗ್ರೇ ಬಾಕ್ಸ್’ಗೆ ತಂದಿತು. ಅಂದವಾದ ಆವೃತ್ತಿ ಮಾಡಹೊರಟವರು ಮೊದಲು ಕಪಾಟಿನ ಅಳತೆ ತೆಗೆದುಕೊಳ್ಳಬೇಕು.

1985ರ ‘ಎ ಮೈಂಡ್ ಫಾರೆವರ್ ವಾಯೇಜಿಂಗ್’ ಜೊತೆ ತಿರುಗಿಸುವ ಸಂಕೇತ ಚಕ್ರವಿತ್ತು. ಆಟ ಬಣ್ಣ ಮತ್ತು ಸಂಖ್ಯೆ ಹೇಳುತ್ತದೆ, ಚಕ್ರ ನೋಡಿ ಉತ್ತರ ಕೊಡಬೇಕು. ಆಟ ಅದ್ಭುತ, ಚಕ್ರ ಬೇಸರ. ಕಾವಲು ಕಾಯುವುದನ್ನು ಬಿಟ್ಟು ಅದಕ್ಕೆ ಬೇರೆ ಕೆಲಸವೇ ಇಲ್ಲ. ದುಡ್ಡು ಕೊಟ್ಟವರನ್ನೇ ತಡೆದು ನಿಲ್ಲಿಸುವ ವಸ್ತುವಿನ ಮೇಲೆ ಯಾರಿಗೂ ಪ್ರೀತಿ ಹುಟ್ಟದು.

ಅದೇ ವರ್ಷದ ‘ವಿಶ್‌ಬ್ರಿಂಗರ್’ ನೋಡಿ. ಕತ್ತಲಲ್ಲಿ ಹೊಳೆಯುವ ಪ್ಲಾಸ್ಟಿಕ್ ಮಾಂತ್ರಿಕ ಕಲ್ಲು, ಅಂಟಿಸಿದ ಲಕೋಟೆ, ಊರಿನ ನಕ್ಷೆ, ಕಲ್ಲಿನ ಕಥೆ ಹೇಳುವ ಕಿರುಪುಸ್ತಿಕೆ. ಆಟಕ್ಕೆ ಬೇಕಾದ ಮಾಹಿತಿ ಪುಸ್ತಿಕೆಯಲ್ಲಿದೆ, ಮನಸ್ಸಿಗೆ ಬೇಕಾದದ್ದು ಕಲ್ಲಿನಲ್ಲಿದೆ. ಪುಸ್ತಿಕೆಯನ್ನು ಜೆರಾಕ್ಸ್ ಮಾಡಿಕೊಂಡ ಹುಡುಗನಿಗೂ ಗೆಳೆಯನ ಕೈಲಿರುವ ಕಲ್ಲು ಬೇಕೇ ಬೇಕು. 1986ರ ‘ಲೆದರ್ ಗಾಡೆಸಸ್ ಆಫ್ ಫೋಬೋಸ್’ ಇದೇ ಜೋಡಿಯನ್ನು ಇನ್ನಷ್ಟು ಬಿಗಿಯಾಗಿ ಹೆಣೆಯಿತು: ಉಜ್ಜಿ ಮೂಸುವ ಏಳು ವಾಸನೆಗಳ ಕಾರ್ಡ್, ಕನ್ನಡಕ ಹಾಕಿ ನೋಡುವ ತ್ರೀಡಿ ಕಾಮಿಕ್, ಭೂಗತ ಸುರಂಗಗಳ ನಕ್ಷೆ. ಸುರಂಗದಿಂದ ಜೀವಂತ ಹೊರಬರಲು ನಕ್ಷೆಯೂ ಕಾಮಿಕ್ಕಿನಲ್ಲಿ ಅಡಗಿರುವ ಸುಳಿವೂ ಬೇಕು. ವಾಸನೆ ಯಾವ ಒಗಟನ್ನೂ ಬಿಡಿಸದು, ಆದರೆ ಅದು ಜೆರಾಕ್ಸ್ ಯಂತ್ರಕ್ಕೆ ಸಿಕ್ಕುವಂಥದ್ದೂ ಅಲ್ಲ. ಇಡೀ ಸಾಲಿನಲ್ಲಿ ನಮ್ಮ ಮೊದಲ ಆಯ್ಕೆ ಇದು.

ಕೊಳ್ಳುವಾಗ ಮಾರುವವರಿಂದ ಒಳಗಿನ ಎಲ್ಲ ವಸ್ತುಗಳನ್ನೂ ಹರಡಿಟ್ಟ ಫೋಟೊ ಕೇಳಿ. ಮೊದಲು ಕಳೆದುಹೋಗುವುದು ಸಣ್ಣವು: ಕಲ್ಲು, ಮಾತ್ರೆ, ತ್ರೀಡಿ ಕನ್ನಡಕ. ‘ಸಸ್ಪೆಂಡೆಡ್’ (1983) ಆದರೆ ಪೆಟ್ಟಿಗೆಯ ಮುಖವಾಡದ ಪ್ಲಾಸ್ಟಿಕ್ ಬಿರುಕು ಬಿಟ್ಟಿದೆಯೇ, ಆರು ರೋಬೋಟ್‌ಗಳ ಬಿಲ್ಲೆಗಳೂ ನಕ್ಷೆಯೂ ಇವೆಯೇ ನೋಡಿ. ಉಜ್ಜಿದ ವಾಸನೆ ಕಾರ್ಡಿಗೆ ಹೆಚ್ಚು ಬೆಲೆ ಕೊಡಬೇಡಿ. ಫ್ಲಾಪಿ ಓದುತ್ತದೆಂದು ನಂಬಿ ಕೊಳ್ಳಬೇಡಿ. ಕಾಂತೀಯ ಲೇಪ ಇಷ್ಟು ವರ್ಷದಲ್ಲಿ ಕೆಟ್ಟಿರಬಹುದು, ಐದೂಕಾಲು ಇಂಚಿನ ಡ್ರೈವ್ ಹೊಂದಿಸುವುದೂ ಸುಲಭವಲ್ಲ. ಆಟದ ಕಡತವಿದ್ದರೆ ಆಡಲು ಫ್ರಾಟ್ಜ್ ಎಂಬ ಪ್ರೋಗ್ರಾಂ ಸಾಕು.

1991ರ ‘ಲಾಸ್ಟ್ ಟ್ರೆಷರ್ಸ್ ಆಫ್ ಇನ್ಫೋಕಾಮ್’ ಒಂದೇ ಪೆಟ್ಟಿಗೆಯಲ್ಲಿ ಹಲವು ಆಟ ಕೊಡುತ್ತದೆ. ಆಡುವುದಷ್ಟೇ ಉದ್ದೇಶವಾದರೆ ಅದು ಲಾಭ. ಆದರೆ ಫೀಲೀಸ್ ಅಲ್ಲಿ ಅಚ್ಚಿನ ರೂಪಕ್ಕೆ ಇಳಿದಿವೆ, ಮುಖವಾಡ ಇಲ್ಲ. ಮೂಲ ಕಾಗದಗಳ ಸ್ಕ್ಯಾನ್‌ಗಳೂ ಈಗ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಹಾಗಾಗಿ ದುಡ್ಡು ಹಾಕುವುದಾದರೆ ಸ್ಕ್ಯಾನಿಗೆ ಸಿಗದ ವಸ್ತು ಒಳಗೇ ಉಳಿದಿರುವ ಪೆಟ್ಟಿಗೆಗೆ ಹಾಕಿ. ಬರೀ ಕಾಗದವಿರುವುದಕ್ಕೆ ಅರ್ಧ ಬೆಲೆಯೂ ಜಾಸ್ತಿ.